ಅಂಗುಲದೆತ್ತರದ ಯೋಧನೂ ಆಳೆತ್ತರದ ಬೆಳಕೂ

ಬೊಂಬೆಗಳನ್ನು ಸಿಂಗರಿಸಿ ಸಾಲಾಗಿ ನಿಲ್ಲಿಸುವ ಸಂಪ್ರದಾಯ ನಮ್ಮ ನಾಡಿಗೆ ಹೊಸದಲ್ಲ. ನವರಾತ್ರಿ ಬಂದಿತೆಂದರೆ ರಾಜರಾಣಿಯರೂ ಆನೆ ಕುದುರೆ ಕಾಲಾಳುಗಳೂ ಮೆಟ್ಟಿಲು ಮೆಟ್ಟಿಲಾಗಿ ನಡುಮನೆಯನ್ನು ತುಂಬುವುದುಂಟು. ಆದರೆ ಈ ಲೇಖನದಲ್ಲಿ ಹೇಳಹೊರಟಿರುವ ಬೊಂಬೆಗಳ ಬಗೆಯೇ ಬೇರೆ. ಇವುಗಳ ಎತ್ತರ ಸುಮಾರು 28 ಮಿಲಿಮೀಟರು. ಅಂಗುಲಕ್ಕಿಂತ ತುಸು ಹೆಚ್ಚು. ಇವರು ಇನ್ನೂ ಬಾರದ ಯುಗದ ಯೋಧರು: ಗಗನಕವಚ ತೊಟ್ಟವರು, ಯಂತ್ರದ ತೋಳುಳ್ಳವರು, ಅನ್ಯಗ್ರಹದ ಜೀವಿಗಳು. ಇವರನ್ನು ಮೇಜಿನ ಮೇಲೆ ಎದುರುಬದುರಾಗಿ ನಿಲ್ಲಿಸಿ, ಅಳತೆಪಟ್ಟಿಯಿಂದ ದೂರವನ್ನಳೆದು, ದಾಳವೆಸೆದು ಯುದ್ಧದಾಟವಾಡುವರು.

ಇದೇನು ಮಕ್ಕಳಾಟಿಕೆಯೆಂದು ವಾಚಕರು ನಗಬಹುದು. ಆದರೆ ಆಟದ ಸೋಲುಗೆಲವುಗಳಿಗಿಂತ ಈ ಬೊಂಬೆಗಳನ್ನು ಮಾರ್ಪಡಿಸಿ ಬಣ್ಣ ಕಟ್ಟುವ ಕೆಲಸ ಹೆಚ್ಚು ಸ್ವಾರಸ್ಯವುಳ್ಳದ್ದು. ಮನುಷ್ಯನ ಆಕಾರವನ್ನು ಬೇಕಾದಷ್ಟು ಕುಗ್ಗಿಸಬಹುದು. ನಿಸರ್ಗದ ನಿಯಮಗಳನ್ನು ಅದರೊಡನೆ ಕುಗ್ಗಿಸಲಾಗದು. ಈ ಹವ್ಯಾಸದ ಕಷ್ಟಗಳಿಗೂ ಉಪಾಯಗಳಿಗೂ ಇದೇ ಮೂಲ.

ಆಟದ ಪೂರ್ವಕಥೆ

1824ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್ವಿಟ್ಸ್ ಎಂಬಾತನು ತನ್ನ ಯುದ್ಧದಾಟದ ನಿಯಮಗಳನ್ನು ಪ್ರಕಟಿಸಿದನು. ಅದು ಸೈನ್ಯಾಧಿಕಾರಿಗಳ ಶಿಕ್ಷಣಕ್ಕೆಂದು ಏರ್ಪಟ್ಟುದು. ಮನೆಯೊಳಗಿನ ವಿನೋದಕ್ಕೆ ಅದನ್ನು ತಂದವರಲ್ಲಿ ಪ್ರಮುಖನು ಎಚ್. ಜಿ. ವೆಲ್ಸ್. 1898ರಲ್ಲಿ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಕಾದಂಬರಿಯಿಂದ ಮಂಗಳಗ್ರಹದವರನ್ನು ಭೂಮಿಗಿಳಿಸಿದ ವೆಲ್ಸನೇ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕದಲ್ಲಿ ಆಟದ ಸೈನಿಕರಿಗೆ ನಿಯಮಗಳನ್ನು ಬರೆದನು. ನಿಜವಾದ ಯುದ್ಧಕ್ಕಿಂತ ಈ ಪುಟ್ಟ ಯುದ್ಧವೇ ಮೇಲೆಂಬುದು ಅವನ ವಾದ. ಮರುವರ್ಷವೇ ಮೊದಲನೆಯ ಮಹಾಯುದ್ಧ ಹೊತ್ತಿಕೊಂಡಿತು. ಇಂಗ್ಲೆಂಡಿನಲ್ಲಿ 1987ರಲ್ಲಿ ಪ್ರಕಟವಾದ ‘ವಾರ್‌ಹ್ಯಾಮರ್ 40,000’ ಎಂಬ ಆಟವು ವೈಜ್ಞಾನಿಕ ಕಲ್ಪನೆಯನ್ನೂ ಯುದ್ಧದಾಟವನ್ನೂ ಬೆಸೆದು ಇಂದು ಲೋಕಪ್ರಸಿದ್ಧವಾಗಿದೆ.

ನಮ್ಮ ಬೆಂಗಳೂರಿನ ದಂಡುಪ್ರದೇಶಕ್ಕೂ ಆಟದ ಸೈನಿಕರಿಗೂ ಒಂದು ನಂಟುಂಟು. 1896ರಲ್ಲಿ ನಾಲ್ಕನೆಯ ಹುಸ್ಸಾರ್ ಕುದುರೆದಳದೊಡನೆ ಇಲ್ಲಿಗೆ ಬಂದಿಳಿದ ತರುಣಾಧಿಕಾರಿ ವಿನ್‌ಸ್ಟನ್ ಚರ್ಚಿಲ್ ಬಾಲ್ಯದಲ್ಲಿ ಸುಮಾರು 1500 ಆಟದ ಸೈನಿಕರನ್ನು ಕೂಡಿಹಾಕಿದ್ದನು. ತಾನು ಸೈನ್ಯ ಸೇರಲು ಆ ಬೊಂಬೆಗಳೇ ಕಾರಣವಾದುವೆಂದು 1930ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಅವನು ಇಲ್ಲಿದ್ದಾಗ, ಫ್ರೇಜರ್ ಟೌನ್ ಎನಿಸಿಕೊಂಡು ಮುಂದೆ ಪುಲಿಕೇಶಿನಗರವಾದ ಬಡಾವಣೆ ಇನ್ನೂ ಹುಟ್ಟಿರಲಿಲ್ಲ.

ಕತ್ತರಿಸಿ ಕೂಡಿಸುವ ವಿದ್ಯೆ

ಈಗ ಆ ಪುಲಿಕೇಶಿನಗರದ ಮಹಡಿಯ ಕೋಣೆಯೊಂದರಲ್ಲಿ ಹವ್ಯಾಸಿಯೊಬ್ಬನು ಕುಳಿತಿರುವನೆಂದು ಭಾವಿಸೋಣ. ಅವನ ಮುಂದೆ ಹಳೆಯ ಕಾಲದ ಕುದುರೆಸವಾರನ ಪ್ಲಾಸ್ಟಿಕ್ ಬೊಂಬೆಯಿದೆ. ಅದನ್ನು ಗಗನಯೋಧನನ್ನಾಗಿಸಬೇಕು. ಕತ್ತಿ ಹಿಡಿದ ಕೈಯನ್ನು ಕತ್ತರಿಸಿ ಬೇರೊಂದು ತೋಳನ್ನು ಅಂಟಿಸತಕ್ಕದ್ದು. ಯಾವ ಅಂಟು ತಕ್ಕುದು?

ಬೊಂಬೆ ಪಾಲಿಸ್ಟೈರೀನಿನದಾದರೆ ಅದನ್ನು ಕರಗಿಸುವ ದ್ರವವೇ ಅತ್ಯುತ್ತಮವಾದ ಅಂಟು. ಪುಲಿಕೇಶಿನಗರದ ನೆರೆಯ ಪಾಟರಿ ಟೌನಿನಲ್ಲಿ ಗಣೇಶನ ಮೂರ್ತಿಗಳನ್ನು ಮಾಡುವ ಕುಂಬಾರರು ಹಸಿಮಣ್ಣಿನ ತುಂಡುಗಳನ್ನು ಕೂಡಿಸುವಾಗ ನಡುವೆ ತೆಳುವಾದ ಕೆಸರನ್ನು ಸವರುವರು. ಒಣಗಿದ ಮೇಲೆ ಎರಡೂ ಒಂದೇ ಮಣ್ಣಾಗುತ್ತವೆ. ಇಲ್ಲಿಯೂ ಹಾಗೆಯೇ. ದ್ರವವು ಎರಡೂ ಮುಖಗಳನ್ನು ಮೆದುಗೊಳಿಸುತ್ತದೆ. ಪ್ಲಾಸ್ಟಿಕ್ಕಿನ ಸರಪಳಿಯಂತಹ ಅಣುಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ದ್ರವ ಆರಿಹೋದಾಗ ಉಳಿಯುವುದು ಒಂದೇ ವಸ್ತು.

ಲೋಹದ ಬೊಂಬೆಗೆ ಈ ಉಪಾಯ ಸಲ್ಲದು. ಅದಕ್ಕೆ ಸಯನೋಅಕ್ರಿಲೇಟ್ ಎಂಬ ಕ್ಷಣದಲ್ಲಿ ಹಿಡಿಯುವ ಅಂಟು ಬೇಕು. 1942ರಲ್ಲಿ ಅಮೆರಿಕದ ಹ್ಯಾರಿ ಕೂವರನ ತಂಡ ಬಂದೂಕಿನ ಗುರಿಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್ಕನ್ನು ಹುಡುಕುತ್ತಿದ್ದಾಗ ಈ ವಸ್ತು ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟುವುದೆಂದು ಆಗ ಅದನ್ನು ಕೈಬಿಟ್ಟರು. 1958ರಲ್ಲಿ ಅದೇ ಅವಗುಣವು ಗುಣವಾಗಿ ಮಾರುಕಟ್ಟೆಗೆ ಬಂದಿತು. ಮೇಲ್ಮೈಗಳಲ್ಲಿರುವ ಅತ್ಯಲ್ಪ ತೇವವೇ ಅದನ್ನು ಗಟ್ಟಿಯಾಗಿಸುವುದು. ಭಾರದ ತೋಳಾದರೆ ಎರಡೂ ಕಡೆ ಸಣ್ಣ ರಂಧ್ರ ಕೊರೆದು ನಡುವೆ ತಂತಿಯ ತುಂಡೊಂದನ್ನು ಸೇರಿಸುವುದು ಲೇಸು.

ಉಳಿದ ಬಿರುಕುಗಳಿಗೆ ಎಪಾಕ್ಸಿ ಮೇಣವುಂಟು. ಸೋರುವ ನಲ್ಲಿಕೊಳವೆಗೆ ನಾವು ಮೆತ್ತುವ ಎಂ-ಸೀಲ್ ಇದೇ ಜಾತಿಯದು. ಅದರ ಎರಡು ಭಾಗಗಳನ್ನು ನಾದಿದೊಡನೆ ರಾಸಾಯನಿಕ ಕ್ರಿಯೆ ಮೊದಲಾಗುತ್ತದೆ. ಗಟ್ಟಿಯಾಗುವುದರೊಳಗೆ ಕವಚವನ್ನೋ ಮೇಲಂಗಿಯನ್ನೋ ತಿದ್ದಿ ಮುಗಿಸಬೇಕು. ಬರೆದು ಮುಗಿದ ಲೇಖನಿಯ ನಳಿಗೆ ಉಸಿರುಕೊಳವೆಯಾದೀತು. ಕೆಟ್ಟ ಕೈಗಡಿಯಾರದ ಹಲ್ಲುಚಕ್ರ ಯಂತ್ರಮಾನವನ ಎದೆಗೆ ಒದಗೀತು.

ಕುಗ್ಗದ ಬೆಳಕು

ಬೊಂಬೆ ಸಿದ್ಧವಾಯಿತು. ಕವಚಕ್ಕೆ ಕೆಂಪು, ಕೈಚೀಲಕ್ಕೆ ಕಂದು ಎಂದು ಒಂದೊಂದು ಭಾಗಕ್ಕೂ ಒಂದೊಂದೇ ಬಣ್ಣ ಬಳಿದರೆ ಅದು ನಿರ್ಜೀವವಾಗಿ ಕಾಣುತ್ತದೆ. ಇದಕ್ಕೆ ಕಾರಣವೇನು?

1.75 ಮೀಟರ್ ಎತ್ತರದ ಮನುಷ್ಯ 28 ಮಿಲಿಮೀಟರಿಗೆ ಇಳಿದಾಗ ಸುಮಾರು 62 ಪಟ್ಟು ಕುಗ್ಗಿದಂತಾಯಿತು. ಆದರೆ ಅವನ ಮೇಲೆ ಉರಿಯುವ ದೀಪ ಕುಗ್ಗಲಿಲ್ಲ. ಕೋಣೆಯ 1.2 ಮೀಟರ್ ಉದ್ದದ ಕೊಳವೆದೀಪವು ಆ ಯೋಧನ ಲೋಕದ ಲೆಕ್ಕದಲ್ಲಿ ಸುಮಾರು 75 ಮೀಟರ್ ಉದ್ದದ್ದು! ಬಯಲಿನಲ್ಲಿ ನಿಂತವನಿಗೆ ಸೂರ್ಯಬಿಂಬವು ಅರ್ಧ ಡಿಗ್ರಿಯಷ್ಟೇ. ಆದುದರಿಂದ ನೆರಳಿನ ಅಂಚು ಸ್ಪಷ್ಟ. ಬೊಂಬೆಗಾದರೋ ಬೆಳಕು ಉದ್ದನೆಯ ದೀಪದಿಂದಲೂ ಬಿಳಿಗೋಡೆಗಳಿಂದಲೂ ಎಲ್ಲ ಕಡೆಯಿಂದ ಬಂದು ಮಡಿಕೆಗಳ ನೆರಳನ್ನು ಅಳಿಸಿಬಿಡುತ್ತದೆ.

ನೋಡುವ ಕಣ್ಣೂ ಕುಗ್ಗಲಿಲ್ಲ. 60 ಸೆಂಟಿಮೀಟರ್ ದೂರದಿಂದ ಬೊಂಬೆಯನ್ನು ನೋಡುವುದು 37 ಮೀಟರ್ ದೂರದಲ್ಲಿ ನಿಂತ ಮನುಷ್ಯನನ್ನು ನೋಡಿದಂತೆ. ಅಷ್ಟು ದೂರದಿಂದ ಅಂಗಿಯ ಗುಂಡಿಗಳು ಕಾಣುವುವೇ? ಸಾಮಾನ್ಯ ದೃಷ್ಟಿಯುಳ್ಳ ಕಣ್ಣು ಆ 60 ಸೆಂಟಿಮೀಟರ್ ದೂರದಲ್ಲಿ ಬೇರೆಬೇರೆಯಾಗಿ ಗುರುತಿಸಬಲ್ಲ ಅಂತರ ಸುಮಾರು 0.17 ಮಿಲಿಮೀಟರು. ಮಸುಕಾದ ಸಣ್ಣ ವಿವರಗಳು ಅದಕ್ಕೆ ಮುನ್ನವೇ ಕಣ್ಣಿಗೆ ಜಾರಿಹೋಗುತ್ತವೆ.

ಆದ್ದರಿಂದ ಚಿತ್ರಕಾರನು ಬಣ್ಣವನ್ನಷ್ಟೇ ಅಲ್ಲ, ಬೆಳಕುನೆರಳುಗಳನ್ನೂ ಬಳಿಯಬೇಕಾಗುತ್ತದೆ. ಮೊದಲು ಬೊಂಬೆಗೆಲ್ಲ ಕಪ್ಪು ತಳಬಣ್ಣ ಹಾಕಿ, ಅನಂತರ ಮೇಲಿನಿಂದ ಮಾತ್ರ ಬಿಳಿಯನ್ನು ಸಿಂಪಡಿಸುವರು. ನೆತ್ತಿಯ ಮೇಲಿನ ಸೂರ್ಯನ ಬೆಳಕು ಎಲ್ಲೆಲ್ಲಿ ಬೀಳುವುದೋ ಅಲ್ಲಲ್ಲಿ ಬಿಳುಪು ನಿಲ್ಲುತ್ತದೆ. ಬಳಿಕ ನೀರಾದ ಗಾಢವರ್ಣವನ್ನು ಹರಿಸಿದರೆ ಮೇಲ್ಮೈ ಎಳೆತದಿಂದ ಅದು ತಾನಾಗಿ ಸಂದುಗಳಿಗೆ ಸರಿದು ನೆರಳಾಗುವುದು. ಕೊನೆಗೆ ಉಬ್ಬಿದ ಅಂಚುಗಳಿಗೆ ತಿಳಿಬಣ್ಣ.

ಬಣ್ಣದ ಪದರವೂ ತೆಳುವಾಗಿರಬೇಕು. ಮಿಲಿಮೀಟರಿನ ಇಪ್ಪತ್ತರಲ್ಲೊಂದು ಭಾಗ ದಪ್ಪದ ಪದರವೆಂದರೆ ನಿಜವಾದ ಮನುಷ್ಯನಿಗೆ 3 ಮಿಲಿಮೀಟರ್ ಗಾರೆ ಮೆತ್ತಿದಂತೆ! ಆದರೆ ತೀರ ನೀರಾದರೆ ಬೇರೊಂದು ತೊಡಕು. ಮೇಜಿನ ಮೇಲೆ ಚೆಲ್ಲಿದ ಕಾಫಿಯ ತೊಟ್ಟು ಒಣಗಿದಾಗ ಅಂಚಿನಲ್ಲಿ ಕಪ್ಪು ಬಳೆಯೊಂದು ಉಳಿಯುವುದನ್ನು ಎಲ್ಲರೂ ಕಂಡಿರಬಹುದು. ತೊಟ್ಟಿನ ಅಂಚು ಕದಲದೆ ನಿಂತಿರುವಾಗ ಅಲ್ಲಿ ಆರಿದ ನೀರಿನ ಕೊರತೆಯನ್ನು ತುಂಬಲು ಒಳಗಿನ ದ್ರವವು ಕಣಗಳನ್ನು ಹೊತ್ತು ಹೊರಕ್ಕೆ ಹರಿಯುವುದೆಂದು ಷಿಕಾಗೋದ ವಿಜ್ಞಾನಿಗಳು 1997ರಲ್ಲಿ ವಿವರಿಸಿದರು. ಬೊಂಬೆಯ ಮೇಲೂ ಇಂತಹ ಕಲೆ ಏಳುತ್ತದೆ. ಹೆಚ್ಚಾದ ದ್ರವವನ್ನು ಒಣಗಿಸಿದ ಕುಂಚದ ತುದಿಯಿಂದ ಹೀರಿ ತೆಗೆಯುವುದೇ ಪರಿಹಾರ.

ಎಚ್ಚರಿಕೆಯ ಮಾತು

ಕುಂಚದ ತುದಿಯನ್ನು ಚೂಪಾಗಿಸಲು ತುಟಿಗಿಡುವ ಅಭ್ಯಾಸ ಹಲವರಿಗುಂಟು. ಇದು ಎಷ್ಟುಮಾತ್ರವೂ ಕೂಡದು. 1920ರ ಸುಮಾರಿಗೆ ಅಮೆರಿಕದಲ್ಲಿ ಗಡಿಯಾರದ ಮುಖಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದ ತರುಣಿಯರಿಗೆ ಹೀಗೆ ಮಾಡುವಂತೆಯೇ ಕಲಿಸಿದ್ದರು. ರೇಡಿಯಂ ಮೂಳೆಗಳಲ್ಲಿ ಸೇರಿ ಹಲವರು ದವಡೆ ಕೊಳೆತು ಸತ್ತರು. ಇಂದಿನ ಬಣ್ಣಗಳಲ್ಲಿ ರೇಡಿಯಮ್ಮಿಲ್ಲ. ಆದರೆ ಕೆಲವು ಕೆಂಪು ಹಳದಿಗಳಲ್ಲಿ ಕ್ಯಾಡ್ಮಿಯಮ್ಮಿರುವುದುಂಟು. ಹಳೆಯ ಲೋಹದ ಬೊಂಬೆಗಳು ಬಹುಮಟ್ಟಿಗೆ ಸೀಸ ಬೆರೆತವು. ಸೀಸವು ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ. ಇಷ್ಟರವರೆಗೆ ನಿರಪಾಯವೆಂಬ ಮಿತಿಯೇ ಅದಕ್ಕೆ ಕಂಡುಬಂದಿಲ್ಲ. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷದಲ್ಲಿ 90 ಭಾಗಗಳನ್ನು ಮೀರಬಾರದೆಂದು 2016ರಲ್ಲಿ ನಿಯಮವಾಯಿತು. ಹಳೆಯ ಬೊಂಬೆಗಳನ್ನು ಅರದಿಂದ ಉಜ್ಜುವವರು ಧೂಳನ್ನು ಒದ್ದೆಬಟ್ಟೆಯಿಂದ ಒರೆಸಿ, ಕೈತೊಳೆದು, ಮಕ್ಕಳನ್ನು ದೂರವಿಡತಕ್ಕದ್ದು. ಅಂಟನ್ನೂ ಸಿಂಪಡಿಕೆಯನ್ನೂ ಗಾಳಿಯಾಡುವೆಡೆಯಲ್ಲೇ ಬಳಸಬೇಕು. ಮಳೆಗಾಲದ ತೇವದ ದಿನ ಸಿಂಪಡಿಸಿದ ಬಣ್ಣ ಬೂದುಬೂದಾಗಿ ಕೆಡುವ ಸಂಭವವಿರುವುದರಿಂದ ಬಿಸಿಲಿನ ದಿನವನ್ನು ಆರಿಸಿಕೊಳ್ಳುವುದು ಮೇಲು.

ಪರೀಕ್ಷಿಸಬಯಸುವವರಿಗೆ ಬೆಲೆಬಾಳುವ ಬೊಂಬೆ ಬೇಡ. ಅಂಗಡಿಯಲ್ಲಿ ಸಿಗುವ ಅಗ್ಗದ ಪ್ಲಾಸ್ಟಿಕ್ ಸೈನಿಕರಲ್ಲಿ ಒಂದೇ ಬಗೆಯ ಇಬ್ಬರನ್ನು ತನ್ನಿ. ಒಬ್ಬನಿಗೆ ಒಂದೇ ಬಣ್ಣ ಬಳಿಯಿರಿ. ಇನ್ನೊಬ್ಬನಿಗೆ ಸಂದುಗಳಲ್ಲಿ ಗಾಢವನ್ನೂ ಅಂಚುಗಳಲ್ಲಿ ತಿಳಿಯನ್ನೂ ಕೊಡಿ. ಇಬ್ಬರನ್ನೂ ದೀಪದ ಕೆಳಗೆ ಒಟ್ಟಿಗೆ ನಿಲ್ಲಿಸಿ, ಒಂದು ಮಾರು ದೂರ ಸರಿದು ನೋಡಿ. ಯಾರು ಉಸಿರಾಡುತ್ತಿರುವಂತೆ ತೋರುವನೆಂಬುದನ್ನು ನಿಮ್ಮ ಕಣ್ಣೇ ಹೇಳುವುದು.