ಟ್ರಂಪ್ ಭಾಷಣ ಮತ್ತು ನಮ್ಮ ತೋಟದ ಪತ್ರ

2025ರ ಮಾರ್ಚ್ 5ರ ಬೆಳಗ್ಗೆ ಹಾಸ್ಟೆಲ್ ಮೆಸ್ಸಿನಲ್ಲಿ ಉಪ್ಪಿಟ್ಟು ತಿನ್ನುತ್ತಾ ನಾವು ಐದಾರು ಜನ ಒಂದೇ ಫೋನಿಗೆ ಮುಗಿಬಿದ್ದಿದ್ದೆವು. ಅಮೆರಿಕದಲ್ಲಿ ಆಗಿನ್ನೂ 4ರ ರಾತ್ರಿ. ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅಲ್ಲಿನ ಸಂಸತ್ತಿನ, ಅಂದ್ರೆ ಕಾಂಗ್ರೆಸ್ಸಿನ, ಎರಡೂ ಸದನಗಳನ್ನು ಉದ್ದೇಶಿಸಿ ಮಾತಾಡುತ್ತಿದ್ದರು. ಹೆಚ್ಚುಕಮ್ಮಿ ನೂರು ನಿಮಿಷದ ಭಾಷಣ. ಗಡಿ, ವಲಸೆ, ಗಡೀಪಾರು ಅಂತ ಮತ್ತೆ ಮತ್ತೆ ಬರುತ್ತಿತ್ತು.

ಅದೇ ವಾರ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ನಮ್ಮ ಮನೆಗಳಿಂದ ಫೋನು ಶುರುವಾಯ್ತು. "ಅಮೆರಿಕದ ಬಾಗಿಲು ಮುಚ್ಚಿದ್ರಂತಲ್ಲಪ್ಪ, ನಿನ್ನ ಎಂಎಸ್ ಕತೆ ಏನು?" ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಸಾಲಕ್ಕೆ ಬ್ಯಾಂಕಿನಲ್ಲಿ ಇಡಬೇಕಾದದ್ದು ತೆಂಗಿನ ತೋಟದ ಪತ್ರ. ಹಾಗಾಗಿ ಕೂತು ಓದಿ, ತಿಳಿದಷ್ಟನ್ನು ಇಲ್ಲಿ ಬಿಡಿಸಿ ಹೇಳುತ್ತಿದ್ದೇವೆ.

ಭಾಷಣವೇ ಕಾನೂನಲ್ಲ

ನಮ್ಮಲ್ಲಿ ರಾಷ್ಟ್ರಪತಿಗಳು ಸಂಸತ್ತಿನಲ್ಲಿ, ರಾಜ್ಯಪಾಲರು ವಿಧಾನಸೌಧದಲ್ಲಿ ಓದುವುದು ಸಚಿವ ಸಂಪುಟ ಒಪ್ಪಿದ ಭಾಷಣ. ಆ ಸಂಪುಟಕ್ಕೆ ಕೆಳಮನೆಯ ಬೆಂಬಲ ಇದ್ದೇ ಇರುತ್ತೆ. ಅಮೆರಿಕದ ಅಧ್ಯಕ್ಷರು ತಮ್ಮದೇ ಮಾತು ಆಡುತ್ತಾರೆ, ಆದರೆ ಅದನ್ನು ಕಾಂಗ್ರೆಸ್ ಒಪ್ಪಲೇಬೇಕೆಂದಿಲ್ಲ. ಭಾಷಣ ಜಾರಿಗೆ ಬರಬೇಕಾದರೆ ಒಂದೋ ಕಾಂಗ್ರೆಸ್ ಕಾನೂನು ಮಾಡಬೇಕು, ಇಲ್ಲವೇ ಇರುವ ಕಾನೂನಿನೊಳಗೇ ಅಧ್ಯಕ್ಷರು ಆದೇಶ ಹೊರಡಿಸಬೇಕು ಅಥವಾ ಇಲಾಖೆ ನಿಯಮ ಬದಲಿಸಬೇಕು. ಎಲ್ಲದರ ಮೇಲೂ ಕೋರ್ಟಿದೆ.

ಎರಡು ಉದಾಹರಣೆ ನೋಡಿ. ಗಡಿ ಕಾವಲಿಗೆ ಮತ್ತು ಗಡೀಪಾರಿಗೆ ದುಡ್ಡು ಕೊಡಿ ಅಂತ ಅವರು ಅವತ್ತು ಕೇಳಿದರು. ಜುಲೈ 4ರಂದು ಸಹಿಯಾದ ಕಾನೂನಿನಲ್ಲಿ ಗಡಿ ಗೋಡೆಗೇ ಸುಮಾರು 46.5 ಬಿಲಿಯನ್ ಡಾಲರ್ ಸಿಕ್ಕಿತು. 50 ಲಕ್ಷ ಡಾಲರ್ ಕೊಟ್ಟವರಿಗೆ 'ಗೋಲ್ಡ್ ಕಾರ್ಡ್' ಅಂತಲೂ ಹೇಳಿದ್ದರು. ಸೆಪ್ಟೆಂಬರ್ ಆದೇಶದಲ್ಲಿ ಅದು 10 ಲಕ್ಷ ಡಾಲರ್ ಆಗಿತ್ತು! ತೆಂಗಿನಕಾಯಿ ಅಟ್ಟಕ್ಕೆ ಹಾಕಿದ ದಿನವೇ ಕೊಬ್ಬರಿ ಆಗಲ್ಲವಲ್ಲ, ಹಾಗೆ.

ಗಡಿ ಬೇರೆ, ವೀಸಾ ಬೇರೆ

ಭಾಷಣದ ವಲಸೆ ಭಾಗ ಬಹುತೇಕ ಮೆಕ್ಸಿಕೋ ಕಡೆಯ ಗಡಿಯದ್ದು, ದಾಖಲೆ ಇಲ್ಲದೆ ಒಳಬಂದವರದ್ದು. ಆ ದಾರಿಯಲ್ಲಿ ಭಾರತೀಯರೂ ಇದ್ದಾರೆ. 2025ರ ಫೆಬ್ರವರಿ 5ರಂದು 104 ಭಾರತೀಯರನ್ನು ಹೊತ್ತ ಸೇನಾ ವಿಮಾನ ಅಮೃತಸರಕ್ಕೆ ಬಂದಿಳಿಯಿತು. ಅವರಲ್ಲಿ ಹೆಚ್ಚಿನವರು ಹರಿಯಾಣ, ಗುಜರಾತ್, ಪಂಜಾಬಿನವರು. ಏಜೆಂಟರಿಗೆ ದುಡ್ಡು ಸುರಿದು ಹೋದವರ ಗತಿ ಕಂಡು ನಗುವಂಥದ್ದೇನಿಲ್ಲ. ಅವರದ್ದೂ ಸಾಲವೇ, ಅವರೂ ಹೊಲ ಮಾರಿದವರೇ.

ಆದರೆ ನಮ್ಮ ಸೀನಿಯರ್‌ಗಳು ಹೋಗುವ ದಾರಿ ಬೇರೆ. ಮೊದಲು ವಿದ್ಯಾರ್ಥಿ ವೀಸಾ. ಓದು ಮುಗಿದ ಮೇಲೆ ನಮ್ಮಂಥ ಎಂಜಿನಿಯರಿಂಗಿನವರಿಗೆ ಒಟ್ಟು 36 ತಿಂಗಳವರೆಗೆ ಕೆಲಸದ ಅವಕಾಶ. ಆಮೇಲೆ ಎಚ್-1ಬಿ. ವರ್ಷಕ್ಕೆ ಸಾಮಾನ್ಯ ಮಿತಿ 65,000, ಅಲ್ಲೇ ಸ್ನಾತಕೋತ್ತರ ಓದಿದವರಿಗೆ ಇನ್ನು 20,000. ಅರ್ಜಿ ಜಾಸ್ತಿ ಇರುವುದರಿಂದ ಚೀಟಿ ಎತ್ತುತ್ತಾರೆ. ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಹೆಚ್ಚೆಂದರೆ 60 ದಿನ.

ಗ್ರೀನ್ ಕಾರ್ಡ್ ಕತೆ ಇನ್ನೂ ಉದ್ದ. ಉದ್ಯೋಗದ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 1,40,000, ಒಂದು ದೇಶದವರಿಗೆ ಶೇ. 7 ಮಾತ್ರ. ಅಂದ್ರೆ ಸುಮಾರು 9,800, ಅದೂ ಹೆಂಡತಿ ಮಕ್ಕಳನ್ನು ಸೇರಿಸಿ. 140 ಕೋಟಿ ಜನರ ಭಾರತಕ್ಕೂ ಅಷ್ಟೇ, ಪುಟ್ಟ ದೇಶಕ್ಕೂ ಅಷ್ಟೇ. ಈ ಮಿತಿ ಇರುವುದು 1990ರ ಕಾನೂನಿನಲ್ಲಿ. ಬದಲಿಸಲು ಕಾಂಗ್ರೆಸ್ಸೇ ಬೇಕು, ಭಾಷಣದಿಂದ ಆಗಲ್ಲ.

ಕೊಬ್ಬರಿ ಲೆಕ್ಕ

2025ರ ಸೆಪ್ಟೆಂಬರ್ 19ರಂದು ಬಂದ ಘೋಷಣೆ ಮಾತ್ರ ನೇರ ನಮಗೇ ತಾಗುವಂಥದ್ದು. ಹೊಸ ಎಚ್-1ಬಿ ಅರ್ಜಿಗೆ ಕಂಪನಿ 1,00,000 ಡಾಲರ್ ಕಟ್ಟಬೇಕು, ಸದ್ಯಕ್ಕೆ ಒಂದು ವರ್ಷದ ಮಟ್ಟಿಗೆ. ಆಗಿನ ಲೆಕ್ಕದಲ್ಲಿ ಅದು ಸುಮಾರು 88 ಲಕ್ಷ ರೂಪಾಯಿ. 2025ರ ಉಂಡೆ ಕೊಬ್ಬರಿ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂ. ಭಾಗಿಸಿ ನೋಡಿದ್ವಿ: 727 ಕ್ವಿಂಟಾಲ್! ಆ ವರ್ಷ ತಿಪಟೂರು ಎಪಿಎಂಸಿ ಧಾರಣೆ ಅದಕ್ಕಿಂತ ಬಹಳ ಮೇಲಿತ್ತು ಅನ್ನೋದು ನಿಜ. ಆದರೂ ನಮ್ಮ ಯಾವ ಮನೆಯ ಅಟ್ಟದಲ್ಲೂ ಅಷ್ಟು ಕೊಬ್ಬರಿ ಇಲ್ಲ.

ಗಾಬರಿ ಬೇಡ, ಪೂರ್ತಿ ಓದಿ. ಅಕ್ಟೋಬರಿನಲ್ಲಿ ಬಂದ ವಿವರಣೆಯ ಪ್ರಕಾರ, ಅಲ್ಲೇ ಓದಿ ಅಲ್ಲಿದ್ದುಕೊಂಡೇ ವಿದ್ಯಾರ್ಥಿ ವೀಸಾದಿಂದ ಎಚ್-1ಬಿಗೆ ಬದಲಾಗುವವರಿಗೆ ಈ ಶುಲ್ಕವಿಲ್ಲ. ದೊಡ್ಡ ಪೆಟ್ಟು ಬೆಂಗಳೂರಿನಿಂದ ನೇರ ಹೋಗಬೇಕೆಂದಿದ್ದವರಿಗೆ.

ಇನ್ನು ಅಪ್ಪ ಅಮ್ಮಂದಿರ ಇನ್ನೊಂದು ಭಯ: "ಮಗ ಕಳಿಸೋ ದುಡ್ಡಿಗೂ ತೆರಿಗೆಯಂತೆ?" ಜುಲೈ ಕಾನೂನಿನಲ್ಲಿ ಅದೂ ಇದೆ, 2026ರ ಜನವರಿಯಿಂದ ಶೇ. 1. ಆದರೆ ನಗದಿನಂಥ ದಾರಿಯಲ್ಲಿ ಕಟ್ಟಿ ಕಳಿಸಿದರೆ ಮಾತ್ರ, ಅಲ್ಲಿನ ಬ್ಯಾಂಕ್ ಖಾತೆಯಿಂದ ಕಳಿಸಿದರೆ ಇಲ್ಲ.

ಪತ್ರ ಇಡುವ ಮುಂಚೆ

ಟಿವಿಯಲ್ಲಿ ಇಂಥ ಸುದ್ದಿ ಬಂದಾಗೆಲ್ಲ ನಾವೀಗ ಮೂರು ಪ್ರಶ್ನೆ ಕೇಳಿಕೊಳ್ಳುತ್ತೇವೆ. ಇದು ಬರೀ ಮಾತಾ, ಆದೇಶವಾ, ಕಾನೂನಾ? ಗಡಿ ದಾಟಿದವರಿಗಾ, ವೀಸಾದವರಿಗಾ? ಅಲ್ಲಿರುವವರಿಗಾ, ಇಲ್ಲಿಂದ ಹೋಗುವವರಿಗಾ? ಅರ್ಧ ಭಯ ಅಲ್ಲೇ ಇಳಿಯುತ್ತೆ.

ನಾಲ್ಕನೆಯದು ಮನೆಯಲ್ಲಿ ಕೂತು ಕೇಳುವ ಪ್ರಶ್ನೆ. ಚೀಟಿ ಎತ್ತದೆ, ಮೂರು ವರ್ಷಕ್ಕೆ ವಾಪಸ್ ಬಂದರೆ, ಬೆಂಗಳೂರಿನ ಸಂಬಳದಲ್ಲಿ ಈ ಸಾಲ ತೀರುತ್ತಾ? ತೀರುತ್ತೆ ಅಂದ್ರೆ ಧೈರ್ಯವಾಗಿ ಹೊರಡಿ. ಇಲ್ಲ ಅಂದ್ರೆ ಇನ್ನೊಂದು ವರ್ಷ ಕೆಲಸ ಮಾಡಿ, ಸಾಲ ಸಣ್ಣದು ಮಾಡಿಕೊಂಡು ಹೋಗಿ. ಅಜ್ಜ ನೆಟ್ಟ ಗಿಡ ಫಲ ಕೊಡೋಕೆ ಆರೇಳು ವರ್ಷ ಹಿಡಿದಿತ್ತು. ಒಂದು ರಾತ್ರಿಯ ಭಾಷಣ ಕೇಳಿ ಅದನ್ನು ಇಡೋದೂ ಬೇಡ, ಆಸೆ ಬಿಡೋದೂ ಬೇಡ.