ಎಳೆಯ ಜೋಳದ ಎಲೆಯಲ್ಲಿ ಅಡಗಿದ ವಿಷ

ಯಾದಗಿರಿಯ ಕಡೆಯ ಮುದನಾಳದಂಥ ಊರಿನಲ್ಲಿ ಹೊಲದ ದಾರಿ ಹಿಡಿದು ನಡೆಯುವವನಿಗೆ ಜೋಳದ ಪೈರಿಗಿಂತ ಸಾಮಾನ್ಯವಾದ ನೋಟ ಮತ್ತಾವುದಿದ್ದೀತು? ಜನರು ತಿನ್ನುವ ರೊಟ್ಟಿ ಅದರದು. ದನಗಳು ಬೇಸಗೆಯುದ್ದಕ್ಕೂ ಮೆಲ್ಲುವ ಕಣಿಕೆಯೂ ಅದರದೇ. ಇಷ್ಟು ಪರಿಚಿತವಾದ ಸಸ್ಯದಲ್ಲಿ ಹೊಸದಾಗಿ ತಿಳಿಯಬೇಕಾದುದು ಏನೂ ಇಲ್ಲವೆಂದೇ ನಾನು ಭಾವಿಸಿದ್ದೆ. ಒಮ್ಮೆ ದನ ಕಾಯುವವನೊಬ್ಬನು ಮೊಳಕಾಲೆತ್ತರದ ಹಸಿರು ಜೋಳದ ಪಕ್ಕದಲ್ಲಿ ಹಾಯುವಾಗ ಎತ್ತಿನ ಮೂಗುದಾರವನ್ನು ಬಿಗಿಹಿಡಿದು, ಅದು ಅತ್ತ ಮುಖವನ್ನೂ ತಿರುಗಿಸದಂತೆ ನಡೆಸಿಕೊಂಡು ಹೋದನು. ಬೆಳೆ ಹಾಳಾದೀತೆಂಬ ಅಂಜಿಕೆಯೇ ಎಂದು ಕೇಳಿದೆ. “ಬೆಳಿಗಲ್ಲ, ಎತ್ತಿಗೆ” ಎಂಬುದು ಅವನ ಉತ್ತರ.

ಅವನು ಹೇಳಿದುದು ಅಕ್ಷರಶಃ ಸತ್ಯ. ಎಳೆಯ ಜೋಳದ ಪೈರನ್ನು ಹಸಿದ ಎತ್ತು ಹೊಟ್ಟೆ ತುಂಬ ಮೇಯ್ದರೆ ಕೆಲವೇ ನಿಮಿಷಗಳಲ್ಲಿ ಅದರ ಉಸಿರಾಟ ತೀವ್ರವಾಗುತ್ತದೆ. ಬಾಯಿಂದ ಜೊಲ್ಲು ಸುರಿಯುತ್ತದೆ. ಮೈ ನಡುಗಿ, ಕಾಲು ತಡವರಿಸಿ, ಅದು ನೆಲಕ್ಕೆ ಉರುಳುತ್ತದೆ. ಎಷ್ಟೋ ವೇಳೆ ವೈದ್ಯನನ್ನು ಕರೆತರುವಷ್ಟು ಅವಕಾಶವೂ ಉಳಿಯುವುದಿಲ್ಲ. ಒಂದು ಜೊತೆ ಎತ್ತನ್ನೇ ನಂಬಿದ ಮನೆಯಲ್ಲಿ ಇದು ಎಂಥ ಅನಾಹುತವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈ ವಿಷ ಯಾವುದು? ಈಜಿಪ್ಟಿನಲ್ಲಿ ಎಳೆಯ ಜೋಳವನ್ನು ಮೇಯ್ದ ಪ್ರಾಣಿಗಳು ಸಾಯುತ್ತಿದ್ದುದರ ಕಾರಣವನ್ನು ಅರಸಿ ಹೊರಟ ಡನ್‌ಸ್ಟನ್ ಮತ್ತು ಹೆನ್ರಿ ಎಂಬ ಇಬ್ಬರು ಬ್ರಿಟಿಷ್ ರಸಾಯನಶಾಸ್ತ್ರಜ್ಞರು 1902ರಲ್ಲಿ ಅದನ್ನು ಬೇರ್ಪಡಿಸಿದರು. ಜೋಳಕ್ಕೆ ಅರಬ್ಬಿ ಭಾಷೆಯಲ್ಲಿರುವ ಹೆಸರಿನಿಂದಲೇ ಅದನ್ನು ‘ಧುರ್ರಿನ್’ ಎಂದು ಕರೆದರು. ವಿಚಿತ್ರವೆಂದರೆ, ಧುರ್ರಿನ್ ತಾನಾಗಿ ಆ ಘೋರ ವಿಷವಲ್ಲ. ಅದು ಸಕ್ಕರೆಯೊಂದಿಗೆ ಕಟ್ಟಿಟ್ಟ ವಿಷದ ಗಂಟು. ಎಲೆಯ ಜೀವಕೋಶಗಳಲ್ಲಿ ಅದು ಒಂದು ಕೋಣೆಯಲ್ಲಿದ್ದರೆ, ಆ ಗಂಟನ್ನು ಬಿಚ್ಚಬಲ್ಲ ಕಿಣ್ವವು ಮತ್ತೊಂದು ಕೋಣೆಯಲ್ಲಿರುತ್ತದೆ. ಎಲೆ ಇಡಿಯಾಗಿರುವ ತನಕ ಎರಡೂ ಸಂಧಿಸುವುದಿಲ್ಲ. ಎತ್ತು ಅಗಿದೊಡನೆ ಕೋಣೆಗಳ ಗೋಡೆ ಒಡೆಯುತ್ತದೆ. ಕಿಣ್ವವು ಧುರ್ರಿನ್ನನ್ನು ಮುಟ್ಟುತ್ತದೆ. ಹೈಡ್ರೊಸಯಾನಿಕ್ ಆಮ್ಲ ಹೊರಬೀಳುತ್ತದೆ. ಸ್ವೀಡನ್ನಿನ ಷೀಲೆ 1782ರಲ್ಲಿ ‘ಪ್ರಷ್ಯಾದ ನೀಲಿ’ ಎಂಬ ಬಣ್ಣದಿಂದ ಪಡೆದುದು ಇದೇ ಆಮ್ಲವನ್ನು. ಚಿತ್ರಕಾರನ ನೀಲಿಗೂ ಜೋಳದ ಹಸಿರಿಗೂ ಇಂಥ ನಂಟಿದೆಯೆಂದು ಯಾರು ತಾನೆ ಊಹಿಸಿಯಾರು!

ದೇಹತೂಕದ ಕಿಲೋಗ್ರಾಮಿಗೆ ಸುಮಾರು 2 ಮಿಲಿಗ್ರಾಮು ಈ ಆಮ್ಲ ಸೇರಿದರೆ ದನಕ್ಕೆ ಪ್ರಾಣಾಂತಿಕ. 400 ಕಿಲೋ ತೂಕದ ಎತ್ತನ್ನು ಕೊಲ್ಲಲು ಒಂದು ಗ್ರಾಮು ಕೂಡ ಬೇಡ. ಆ ಸಾವಿನ ರೀತಿಯೂ ವಿಚಿತ್ರವಾದುದು. ಪ್ರಾಣಿಯ ಶ್ವಾಸಕೋಶ ಕೆಲಸಮಾಡುತ್ತಿರುತ್ತದೆ, ರಕ್ತದಲ್ಲಿ ಆಮ್ಲಜನಕ ತುಂಬಿರುತ್ತದೆ. ಆದರೆ ಆ ಆಮ್ಲಜನಕವನ್ನು ಬಳಸಿಕೊಳ್ಳುವ ಜೀವಕೋಶದ ಕಿಣ್ವಕ್ಕೆ ವಿಷವು ಬೀಗ ಹಾಕಿರುತ್ತದೆ. ಬಳಕೆಯಾಗದ ಆಮ್ಲಜನಕ ಹಾಗೆಯೇ ಹಿಂದಿರುಗುವುದರಿಂದ ಅಭಿಧಮನಿಗಳ ರಕ್ತವೂ ಕಡುಗೆಂಪಿನ ಬದಲು ಹೊಳೆಯುವ ಕೆಂಪಾಗಿ ಕಾಣುತ್ತದೆ. ಕೆರೆಯ ದಂಡೆಯಲ್ಲಿ ನಿಂತು ಬಾಯಾರಿ ಸತ್ತಂತೆ!

ಕುದುರೆಗಿಂತ ಎತ್ತಿಗೆ ಅಪಾಯ ಹೆಚ್ಚು. ಕುದುರೆಯ ಜಠರದ ಹುಳಿ ಆ ಕಿಣ್ವವನ್ನು ಕುಗ್ಗಿಸುತ್ತದೆ. ಎತ್ತಿನ ಮೊದಲ ಹೊಟ್ಟೆಯಲ್ಲಾದರೋ ಅಂಥ ಹುಳಿಯಿಲ್ಲ. ಮೇಲಾಗಿ, ಮೇವನ್ನು ಜೀರ್ಣಿಸಿಕೊಡುವ ಅಲ್ಲಿಯ ಸೂಕ್ಷ್ಮಜೀವಿಗಳೇ ಧುರ್ರಿನ್ನಿನ ಗಂಟನ್ನೂ ಬಿಚ್ಚಿಕೊಡುತ್ತವೆ.

ಹಾಗಾದರೆ ನಾವು ತಿನ್ನುವ ರೊಟ್ಟಿ? ಅಂಜಬೇಕಾಗಿಲ್ಲ. ಬಲಿತ ಕಾಳಿನಲ್ಲಿ ಧುರ್ರಿನ್ ಇಲ್ಲವೆನ್ನುವಷ್ಟು ಅಲ್ಪ. ಅದೇ ಕಾಳು ಮೊಳೆತಾಗ ಮಾತ್ರ ಸಸ್ಯವು ತನ್ನ ಆಯುಧವನ್ನು ಭರದಿಂದ ತಯಾರಿಸತೊಡಗುತ್ತದೆ. ಬೆಳಕು ಕಾಣದೆ ಬೆಳೆದ ಮೊಳಕೆಯ ತುದಿಯಲ್ಲಿ ಒಣತೂಕದ ನೂರಕ್ಕೆ 30ರಷ್ಟರವರೆಗೂ ಧುರ್ರಿನ್ ಇರುವುದುಂಟು. ಆದುದರಿಂದ ಹೆಸರುಕಾಳಿನ ಮೊಳಕೆಯಂತೆ ಜೋಳದ ಮೊಳಕೆಯನ್ನು ಹಸಿಯಾಗಿ ತಿನ್ನತಕ್ಕದ್ದಲ್ಲ. ಗಿಡ ಬೆಳೆದಂತೆಲ್ಲ ವಿಷದ ಪ್ರಮಾಣ ಇಳಿಯುತ್ತ ಹೋಗಿ, ತೆನೆ ಬರುವ ವೇಳೆಗೆ ಭಯ ಬಹುಮಟ್ಟಿಗೆ ದೂರವಾಗುತ್ತದೆ.

ಆದರೆ ಎರಡು ಸಂದರ್ಭಗಳಲ್ಲಿ ಮೋಸಹೋಗುವವರು ಬಹಳ. ಮಳೆ ಕೈಕೊಟ್ಟು ಬಾಡಿ ನಿಂತ ಪೈರು ಒಂದು. “ಹೇಗೂ ಕಾಳು ಕಟ್ಟುವುದಿಲ್ಲ, ದನವಾದರೂ ಮೇಯಲಿ” ಎಂದು ರೈತನು ನೊಂದುಕೊಂಡು ಹಗ್ಗ ಬಿಚ್ಚುವುದು ಆಗಲೇ; ವಿಷವು ಮಿತಿಮೀರಿರುವುದೂ ಆಗಲೇ. ಬರವು ಬೆಳೆಯ ಜೊತೆಗೆ ಎತ್ತನ್ನೂ ಒಯ್ಯುವುದು ಹೀಗೆ. ಎರಡನೆಯದು ಕೂಳೆ: ಕೊಯ್ದ ಹೊಲದ ಮೇಲೆ ಒಂದು ಮಳೆ ಬಿದ್ದೊಡನೆ ಬುಡದಿಂದ ಒಡೆಯುವ ನಯವಾದ ಚಿಗುರು. ಕಣ್ಣಿಗೆ ಅದರಷ್ಟು ಸೊಗಸಾದ ಮೇವು ಬೇರಿಲ್ಲ.

ಹೊಲದಲ್ಲಿ ಬಾಡಿದ ಪೈರು ಕೊಲ್ಲುವುದಾದರೆ ಕೊಯ್ದು ಚೆನ್ನಾಗಿ ಒಣಗಿಸಿದ ಮೇವು ಏಕೆ ಕೊಲ್ಲುವುದಿಲ್ಲ? ನಿಂತ ಪೈರಿನಲ್ಲಿ ಕೋಣೆಗಳು ಇನ್ನೂ ಭದ್ರವಾಗಿರುತ್ತವೆ. ಕೊಯ್ದು ಒಣಹಾಕಿದಾಗ ಅವು ನಿಧಾನವಾಗಿ ಒಡೆದು ಆಮ್ಲ ಹೊರಬರುತ್ತದೆ. ಅದು ಸುಮಾರು 26 ಡಿಗ್ರಿ ಸೆಲ್ಸಿಯಸ್ಸಿನಲ್ಲೇ ಕುದಿಯುವ ವಸ್ತುವಾದುದರಿಂದ ನಮ್ಮ ಸೀಮೆಯ ಬಿಸಿಲಿನಲ್ಲಿ ಆವಿಯಾಗಿ ಗಾಳಿಗೆ ಸೇರಿಹೋಗುತ್ತದೆ. ಯಾದಗಿರಿ, ಶಹಾಪುರ, ಸುರಪುರದವರು ಬಿಸಿಲನ್ನು ಶಪಿಸುವಾಗ ಈ ಒಂದು ಉಪಕಾರವನ್ನು ಲೆಕ್ಕಕ್ಕೆ ಹಿಡಿದಂತೆ ಕಾಣೆ.

ಚಿಕಿತ್ಸೆಯೂ ಇದೆ, ವೈದ್ಯನು ವೇಳೆಗೆ ಸಿಕ್ಕಿದರೆ. ಸೋಡಿಯಂ ನೈಟ್ರೈಟನ್ನು ರಕ್ತನಾಳಕ್ಕೆ ಚುಚ್ಚಿದಾಗ ರಕ್ತದ ಹೀಮೊಗ್ಲೋಬಿನ್ನಿನ ಒಂದು ಭಾಗವು ಮಾರ್ಪಟ್ಟು ವಿಷವನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಬಳಿಕ ಸೋಡಿಯಂ ಥಯೊಸಲ್ಫೇಟಿನ ನೆರವಿನಿಂದ ಅದು ಹೆಚ್ಚು ಹಾನಿಯಿಲ್ಲದ ಥಯೊಸಯನೇಟ್ ಆಗಿ ಮೂತ್ರದಲ್ಲಿ ಹೊರಬೀಳುತ್ತದೆ. ಈ ಎರಡನೆಯ ಲವಣವು ಬೇರೆಯೇನಲ್ಲ. ಫಿಲ್ಮಿನ ಕಾಲದ ಛಾಯಾಗ್ರಾಹಕರು ಕತ್ತಲೆಕೋಣೆಯಲ್ಲಿ ಬಳಸುತ್ತಿದ್ದ ‘ಹೈಪೊ’ವೇ ಅದು. 2012ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಎಲೆಯಲ್ಲಿ ಧುರ್ರಿನ್ ಇಲ್ಲದ ಜೋಳದ ಸಸ್ಯವನ್ನೇ ಪಡೆದುದಾಗಿ ಪ್ರಕಟಿಸಿದರು.

ಮುದನಾಳದ ಆ ದನಗಾಹಿಗೆ ಧುರ್ರಿನ್ನಿನ ಹೆಸರನ್ನು ಹೇಳಿದೆ. ಅವನಿಗೆ ಅದರಲ್ಲಿ ಅಷ್ಟೇನೂ ಆಸಕ್ತಿ ಕಾಣಲಿಲ್ಲ. ಬಿಸಿಲು ಆ ಗಾಳಿಯನ್ನು ಒಯ್ಯುತ್ತದೆಂದಾಗ ಮಾತ್ರ ನಿಂತು, ಎಷ್ಟು ದಿನದ ಬಿಸಿಲು ಬೇಕು ಎಂದು ಕೇಳಿದನು.