ಪುಟವಿಲ್ಲದ ಪುಟ

ಜಾಲತಾಣದ ವಿನ್ಯಾಸಕನು ಸ್ವಭಾವತಃ ಚಿತ್ರಕಾರ. ಶೀರ್ಷಿಕೆ ಇಲ್ಲಿ, ಚಿತ್ರ ಅಲ್ಲಿ ಎಂದು ಅಳತೆಯಿಟ್ಟು ಪುಟವನ್ನು ರಚಿಸುವುದು ಅವನ ರೂಢಿ. ಅಂಥವನು ಮೊದಲ ಸಲ ವಿಷಯ ನಿರ್ವಹಣಾ ವ್ಯವಸ್ಥೆಯೊಂದನ್ನು ತೆರೆದಾಗ ನೋಡ್, ಬ್ಲಾಕ್, ಟ್ಯಾಕ್ಸಾನಮಿ ಎಂಬ ಶಬ್ದಗಳ ಮಳೆಗೆ ಕಂಗೆಡುವುದು ಸಹಜವೇ ಸರಿ.

ಆದರೆ ನಿಜವಾಗಿ ದಾರಿ ತಪ್ಪಿಸುವುದು ಈ ಹೊಸ ಶಬ್ದಗಳಲ್ಲ, ಚಿರಪರಿಚಿತವಾದ ‘ಪುಟ’ವೇ. ಇಲ್ಲಿ ಪುಟವೆಂಬುದು ಸಾಮಾನ್ಯವಾಗಿ ಸಿದ್ಧವಾಗಿ ಕುಳಿತಿರುವುದಿಲ್ಲ. ಶೀರ್ಷಿಕೆ, ಒಡಲು, ತಾರೀಖು, ವರ್ಗ ಎಲ್ಲವೂ ದತ್ತಕೋಶದಲ್ಲಿ ಬಿಡಿಬಿಡಿಯಾಗಿರುತ್ತವೆ; ಓದುಗನು ಕೇಳಿದಾಗ ಥೀಮ್ ಎಂಬ ಅಚ್ಚು ಅವನ್ನು ಕೂಡಿಸಿ ಪುಟವಾಗಿಸುತ್ತದೆ. ವ್ಯಾಕರಣ ಬೋಧಿಸುವ ನಮ್ಮಂಥವರಿಗೆ ಇದು ಹೊಸತಲ್ಲ. ‘ಮರ’ ಎಂಬ ಪ್ರಕೃತಿ ಒಂದೇ. ಪ್ರತ್ಯಯ ಹತ್ತಿದಂತೆ ಮರವನ್ನು, ಮರದಿಂದ, ಮರದಲ್ಲಿ. ಹಾಗೆಯೇ ಒಂದೇ ಬರಹವು ಮುಖಪುಟದಲ್ಲಿ ಎರಡು ಸಾಲಾಗಿಯೂ ವರ್ಗದ ಪಟ್ಟಿಯಲ್ಲಿ ಬರಿಯ ಶೀರ್ಷಿಕೆಯಾಗಿಯೂ ತನ್ನ ವಿಳಾಸದಲ್ಲಿ ಪೂರ್ಣವಾಗಿಯೂ ಕಾಣಿಸಿಕೊಳ್ಳಬಲ್ಲುದು.

2001ರಲ್ಲಿ ಬಂದ ಡ್ರುಪಲ್ ಇಂಥ ಬಿಡಿ ಬರಹವನ್ನು ‘ನೋಡ್’ ಎಂದು ಕರೆಯಿತು. 2003ರ ವರ್ಡ್‌ಪ್ರೆಸ್‌ನಲ್ಲಿ ‘ಪೋಸ್ಟ್’, ‘ಪೇಜ್’ ಎಂದು ಹೆಸರು ಎರಡು. ಆದರೆ ಒಳಗೆ ಎರಡರ ವಾಸವೂ ಒಂದೇ ಕೋಷ್ಟಕದಲ್ಲಿ! ಹೆಸರಿಟ್ಟವರು ಕಲಿಯುವವನ ಮೇಲೆ ಕರುಣೆ ತೋರಲಿಲ್ಲವೆಂದೇ ಹೇಳಬೇಕು.

ಇದನ್ನರಿಯದೆ ಮೂರು ಪದಗಳ ಶೀರ್ಷಿಕೆಗೆ ಒಪ್ಪುವ ಚೌಕಟ್ಟನ್ನು ರಚಿಸಿದನೆನ್ನಿ. ತಾಣವನ್ನು ನಡೆಸುವವರು ಹದಿನೈದು ಪದಗಳ ಶೀರ್ಷಿಕೆ ತುಂಬುತ್ತಾರೆ, ಚಿತ್ರ ಹಾಕುವುದನ್ನೇ ಮರೆಯುತ್ತಾರೆ. ಅಂದವೆಲ್ಲ ಕುಸಿಯುತ್ತದೆ, ದೂರು ವಿನ್ಯಾಸಕನ ತಲೆಗೆ, ಸಂಭಾವನೆಗೂ ಕುತ್ತು. ಆದುದರಿಂದ ಗೆರೆಯೆಳೆಯುವ ಮೊದಲು ಅವನು ಕೇಳಿ ತಿಳಿಯಬೇಕಾದದ್ದಿಷ್ಟು: ಈ ತಾಣದಲ್ಲಿ ಯಾವ ಯಾವ ಬಗೆಯ ಬರಹಗಳಿವೆ? ಒಂದೊಂದರ ಅಂಗಗಳಾವುವು? ಅವುಗಳಲ್ಲಿ ಯಾವುದು ಬರಿದಾಗಿ ಉಳಿದೀತು?